ಹಳ್ಳ ಬಂದ ಕೂಡ್ಲೆ ಹೊಳ್ರಿ

ನಮ್ಮ ಮನೆಯ ಪಡಸಾಲೆಗೆ ಹಾಸಿದ್ದು ಶಹಾಬಾದಿನ ಫರಸಿ. ತಿಳಿನೀಲಿಯ ಚೌಕ ಕಲ್ಲುಗಳು. ಬೇಸಿಗೆಯ ನಡುಮಧ್ಯಾಹ್ನದಲ್ಲೂ ಅಂಗಾಲಿಗೆ ತಂಪು ಕೊಡುವಂಥವು. ಆ ನೆಲದ ಮೇಲೆ ನಮ್ಮಜ್ಜ ಪಗಡೆ ಆಡಿದ, ನಮ್ಮಪ್ಪ ಊಟದ ನಂತರದ ನಿದ್ದೆ ಮಾಡಿದ, ನನ್ನ ಹೆಂಡತಿ ಗುರಮ್ಮ ವರ್ಷಾವರ್ಷ ಶಾವಿಗೆ ಒಣಹಾಕಿದಳು. ನಾನು ಮಾತ್ರ, ಚಿತ್ತಾಪುರದ ಕೋರ್ಟಿನಲ್ಲಿ ಹತ್ತು ವರ್ಷ ವಕೀಲಿ ಮಾಡಿದ ಮನುಷ್ಯ, ನಾಲ್ಕು ಜನ ಎದ್ದು ನಿಂತು ನಮಸ್ಕಾರ ಹೇಳುವ ವಯಸ್ಸಿನಲ್ಲಿ, ಧೋತರ ಮೇಲೆತ್ತಿ ಕಟ್ಟಿ, ಮೊಣಕಾಲೂರಿ, ಬಳಪದ ತುಂಡಿನಿಂದ ಅದರ ಮೇಲೆ ಒಂದು ನಕ್ಷೆ ಬರೆದೆ. ಹೊಸ್ತಿಲಿಗೆ ಹತ್ತಿದ ಫರಸಿ ಚಿತ್ತಾಪುರ. ಅಲ್ಲಿಂದ ಮೂರು ಕಲ್ಲು ಆಚೆ ಕಾಳಗಿ. ಕಂಬದ ಬುಡಕ್ಕೆ ಕೊಡ್ಲಿ. ಅದರಾಚೆ, ದೇವರ ಕೋಣೆಯ ಬಾಗಿಲ ತನಕ, ಚಿಂಚೋಳಿ ಸೀಮೆಯ ಗುಡ್ಡಗಳು. ವಾಡಿ ಚಪ್ಪಲಿ ಬಿಡುವ ಜಾಗದಲ್ಲಿ ಬಂದಿತು. ಸೇಡಂ ಜೋಳದ ಚೀಲದ ಕೆಳಗೆ ಸಿಕ್ಕಿಕೊಂಡಿತು. ಎರಡೂ ಊರಿನವರು ನನ್ನನ್ನು ಕ್ಷಮಿಸಬೇಕು, ನನ್ನ ದಾರಿ ಆ ಕಡೆಗೆ ಇರಲಿಲ್ಲ.

ಅದು ನನ್ನ ಮೊದಲ ಮೋಟಾರು ಪ್ರಯಾಣದ ನಕ್ಷೆ. ಮೋಟಾರಿನ ಹಿಂದಿನ ಸೀಟಿನಲ್ಲಿ ಕುಳಿತು ಹೋದದ್ದು ಎಷ್ಟೋ ಸಲ ಇದೆ. ನಾನೇ ಚಕ್ರ ಹಿಡಿದು, ನನ್ನ ಪ್ರಾಣಕ್ಕೆ ನಾನೇ ಜವಾಬುದಾರನಾಗಿ, ಒಬ್ಬನೇ ಹೋಗಬೇಕಾದದ್ದು ಅದೇ ಮೊದಲು. ಹೈದರಾಬಾದ್ ರಾಜ್ಯದಲ್ಲಿ ಪೊಲೀಸ್ ಆಕ್ಷನ್ ಆಗಿ, ಅದು ಭಾರತಕ್ಕೆ ಸೇರಿ ಐದನೆಯ ವರ್ಷ ನಡೆದಿತ್ತು. ದೇಶದ ತುಂಬ ಪಂಚವಾರ್ಷಿಕ ಯೋಜನೆಯ ಮಾತು. ಚಾವಡಿಯಲ್ಲಿ ಯೋಜನೆ, ಪತ್ರಿಕೆಯಲ್ಲಿ ಯೋಜನೆ, ಕ್ಷೌರಕ್ಕೆ ಕುಳಿತರೆ ಗದ್ದದ ಕೆಳಗೆ ಕತ್ತಿ ಇಟ್ಟುಕೊಂಡು ಅದೇ ಯೋಜನೆ. ಇಷ್ಟು ದೊಡ್ಡ ದೇಶವೇ ಯೋಜನೆ ಹಾಕಿಕೊಂಡು ಕುಳಿತಿರುವಾಗ ನಾನೊಬ್ಬ ಬಡಪಾಯಿ ಯೋಜನೆಯಿಲ್ಲದೆ ಹೊರಡುವುದು ಹೇಗೆ, ನೀವೇ ಹೇಳಿ. ನಮ್ಮ ಹಿರಿಯರು ದೂರವನ್ನು ಯೋಜನ ಎಂಬ ಅಳತೆಯಲ್ಲಿ ಹೇಳುತ್ತಿದ್ದರಂತೆ. ಆ ಅಳತೆಯಲ್ಲಿ ನಾನು ಹೋಗಬೇಕಾದ ಊರು ನಾಲ್ಕು ಯೋಜನ ದೂರ. ನನ್ನ ಯೋಜನೆ ಮಾತ್ರ ಅದಕ್ಕಿಂತ ಉದ್ದವಾಗಿತ್ತು. ಒಂದು ತಿಂಗಳು ಬಳಪ ಹಿಡಿದು ಕುಳಿತರೂ ಮುಗಿಯಲಿಲ್ಲ. ಗುರಮ್ಮ ದಿನಾ ಬೆಳಿಗ್ಗೆ ಕಸ ಹೊಡೆಯುವಾಗ ಕೊಡ್ಲಿಯನ್ನು ಗುಡಿಸಿ ಹಾಕುತ್ತಿದ್ದಳು, ನಾನು ಹಲ್ಲುಜ್ಜಿ ಬಂದು ಅದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸುತ್ತಿದ್ದೆ.

ಮೋಟಾರು ನನ್ನದಾದ ಬಗೆಯನ್ನೂ ಹೇಳಿಬಿಡುತ್ತೇನೆ. ನನ್ನ ಜೊತೆ ಹೈದರಾಬಾದಿನಲ್ಲಿ ಕಾನೂನು ಓದಿದ ಗೆಳೆಯನೊಬ್ಬ ದೂರದ ನಾಡಿಗೆ ಹೊರಟು ನಿಂತಾಗ ಮನೆಯ ಸಾಮಾನೆಲ್ಲ ಹಂಚಿದ. ಒಬ್ಬರಿಗೆ ಕುರ್ಚಿ ಹೋಯಿತು, ಒಬ್ಬರಿಗೆ ಗಡಿಯಾರ ಹೋಯಿತು. ಯಾರೂ ಒಲ್ಲದ ಮೋಟಾರನ್ನು ಅವನು ನನ್ನ ಕೊರಳಿಗೆ ಕಟ್ಟಿದ. ಕರಿಯ ಬಟ್ಟೆಯ ಮಾಡು, ಹಿತ್ತಾಳೆಯ ದೀಪ, ಹಿಂಡಿದರೆ ಎಮ್ಮೆಯ ಕರುವಿನ ಹಾಗೆ ಕೂಗುವ ರಬ್ಬರಿನ ಹಾರ್ನು. ರೈಲಿನಲ್ಲಿ ವಾಡಿಗೆ ತರಿಸಿಕೊಂಡೆ. ಅದನ್ನು ಗೂಡ್ಸ್ ಬಂಡಿಯಿಂದ ಇಳಿಸುವಾಗ ಮುಂದೆ ನಿಂತು ಎಲ್ಲರಿಗೂ ಹುಕುಂ ಕೊಡುತ್ತಿದ್ದವರು ನಬೀಸಾಬ್. ಮೂವತ್ತು ವರ್ಷ ಉಗಿಬಂಡಿಯ ಎಂಜಿನ್ ನಡೆಸಿ, ನಿವೃತ್ತರಾದ ಮೇಲೂ ದಿನಾ ಸ್ಟೇಷನ್ನಿಗೆ ಬಂದು ಹೊಗೆ ಕುಡಿದು ಹೋಗುತ್ತಿದ್ದ ಹಿರಿಯರು. ಮೋಟಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದನ್ನು ನಡೆಸುವುದು ತಾನೇ ಕಲಿಸುತ್ತೇನೆ ಎಂದರು. ಎಂಜಿನ್ ಅಂದರೆ ಎಂಜಿನ್ನೇ ತಾನೆ ಎಂದು ತರ್ಕ ಮಾಡಿ ನಾನು ಒಪ್ಪಿಕೊಂಡೆ. ರೈಲಿನ ಎಂಜಿನ್ನಿಗೆ ಹೊರಳಿಸುವ ಚಕ್ರ ಇರುವುದಿಲ್ಲ ಎಂಬ ಸಂಗತಿ ಗುರುಶಿಷ್ಯರಿಬ್ಬರಿಗೂ ಪಾಠದ ಮೊದಲ ದಿನ, ಒಂದು ಜೋಳದ ಕಣಿಕೆಯ ಬಣವೆಯ ಮುಂದೆ, ಒಟ್ಟಿಗೇ ನೆನಪಾಯಿತು.

ಆದರೂ ನಬೀಸಾಬರು ಕೈಬಿಡಲಿಲ್ಲ. ಪ್ರತಿ ರವಿವಾರ ವಾಡಿಯಿಂದ ರೈಲಿನಲ್ಲಿ ಚಿತ್ತಾಪುರಕ್ಕೆ ಬಂದು ನನ್ನ ಪಕ್ಕದಲ್ಲಿ ನೆಟ್ಟಗೆ ಕುಳಿತು ಕಲಿಸಿದರು. ಅವರು ಕಲಿಸಿದ ಮೋಟಾರು ವಿದ್ಯೆಯಲ್ಲಿ ಪ್ರತಿ ತಿರುವಿಗೂ ಉದ್ದ ಸೀಟಿಯಿತ್ತು, ಊರು ಸಿಕ್ಕಿದಲ್ಲೆಲ್ಲ ಪೂರ್ತಿ ನಿಲ್ಲುವ ಶಿಸ್ತಿತ್ತು, ಎಡಕ್ಕೆ ಇಣುಕಿ ಹಸಿರು ಬಾವುಟ ಹುಡುಕುವ ಚಟವಿತ್ತು. ಎಲ್ಲಕ್ಕಿಂತ ಮೇಲಾದ ಸೂತ್ರವನ್ನು ಅವರು ಕೊನೆಯ ಪಾಠಕ್ಕೆ ಉಳಿಸಿಕೊಂಡಿದ್ದರು.

“ವಕೀಲಸಾಬ್, ಮುಂದಿನ ಟೇಶನ್ನಿಂದ ಲೈನ್ ಕ್ಲಿಯರ್ ಬರೋತನಕ ಗಾಡಿ ಬಿಡಬಾರದ್ರಿ. ದಾರಿ ಖಾಲಿ ಅದ ಬರ್ರಿ ಅಂತ ಅವರು ಹೇಳಬೇಕು, ಆಮ್ಯಾಲ ನಾವು ಹೊಂಡಬೇಕು.”

ಇಷ್ಟು ಸೊಗಸಾದ ಮಾತನ್ನು ನಾನು ಕಾನೂನಿನ ಪುಸ್ತಕದಲ್ಲೂ ಓದಿರಲಿಲ್ಲ. ಹೊರಡದೆ ಕೂರುವುದಕ್ಕೆ ಇದಕ್ಕಿಂತ ಮರ್ಯಾದೆಯ ಕಾರಣ ಎಲ್ಲಿ ಸಿಕ್ಕೀತು? ಅದನ್ನು ಮನಸ್ಸಿನ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಂಡೆ.

ಹೊರಡುವವನಿಗೆ ಹೊರಡದಿರುವ ಕಾರಣ ಯಾತಕ್ಕೆ ಬೇಕು ಎಂದು ನೀವು ಕೇಳುತ್ತೀರಿ. ಅದಕ್ಕೆ ನನ್ನ ಅಕ್ಕ ನೀಲಮ್ಮನ ವಿಷಯ ಹೇಳಬೇಕು. ನನಗಿಂತ ಆರು ವರ್ಷ ದೊಡ್ಡವಳು. ನಮ್ಮವ್ವ ತೀರಿಕೊಂಡ ಮೇಲೆ ನನ್ನ ತಲೆಗೆ ಎಣ್ಣೆ ಹಚ್ಚಿ, ಕೈಗೆ ಪಾಟಿ ಕೊಟ್ಟು ಶಾಲೆಗೆ ಅಟ್ಟಿದವಳು. ಅವಳನ್ನು ಕೊಟ್ಟದ್ದು ಕೊಡ್ಲಿಯ ಆಚೆ, ಗುಡ್ಡದ ಮಗ್ಗುಲಿನ ಒಂದು ಹಳ್ಳಿಗೆ. ನಮ್ಮ ಕಡೆ ಶ್ರಾವಣದ ಪಂಚಮಿಗೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ತಾವಾಗಿ ಬರುವುದಿಲ್ಲ, ಅಣ್ಣನೋ ತಮ್ಮನೋ ಹೋಗಿ ಕರೆಯಬೇಕು, ಕರೆದು ಜೊತೆಯಲ್ಲಿ ಕೂಡಿಸಿಕೊಂಡು ಬರಬೇಕು. ನಾನು ನಾಲ್ಕು ಪಂಚಮಿ ಹೋಗಲಿಲ್ಲ. ಒಂದು ವರ್ಷ ದೊಡ್ಡ ಖಟ್ಲೆಯ ವಿಚಾರಣೆಗೆ ಪೇಶಿ ಇತ್ತು, ಒಂದು ವರ್ಷ ನೆಗಡಿ ಇತ್ತು, ಉಳಿದೆರಡು ವರ್ಷ ಏನಿತ್ತೆಂದು ಈಗ ನೆನಪಿಲ್ಲ. ಕೋರ್ಟಿನಲ್ಲಿ ಕೆಲಸ ಮುಂದೂಡಲು ಬೇಡುವ ಅವಧಿಗೆ ಮುದ್ದತ್ತು ಎನ್ನುತ್ತೇವೆ. ನಾನು ಅಕ್ಕನ ಹತ್ತಿರವೂ ಪ್ರತಿ ಶ್ರಾವಣ ಮುದ್ದತ್ತು ಬೇಡುತ್ತ ಬಂದೆ, ನನ್ನ ಬದಲು ನಮ್ಮ ಆಳು ಹಣಮಂತನನ್ನು ಬಂಡಿ ಕಟ್ಟಿಸಿ ಕಳಿಸುತ್ತ ಬಂದೆ. ನಾಲ್ಕು ಸಲವೂ ಬಂಡಿ ಬರಿದಾಗಿ ಬಂತು. ಒಳಗೆ ಒಂದು ಡಬ್ಬಿ ಶೇಂಗಾ ಉಂಡಿ ಇರುತ್ತಿತ್ತು, ಅಕ್ಕ ಇರುತ್ತಿರಲಿಲ್ಲ. ನಾನು ಉಂಡಿ ತಿಂದು ಸುಮ್ಮನಾಗುತ್ತಿದ್ದೆ.

ಹಿಂದಿನ ವರ್ಷ ಮಾತ್ರ ಉಂಡಿಯ ಜೊತೆಗೆ ಒಂದು ಮಾತೂ ಬಂತು. ಹಣಮಂತ ಅದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದು, ಕಣ್ಣು ಮುಚ್ಚಿಕೊಂಡು ಒಪ್ಪಿಸಿದ.

“ಮುಂದಿನ ಪಂಚಮಿಗಿ ತಮ್ಮ ತಾನೇ ಬಂದ್ರ ಬರ್ತೀನಿ. ಬರಲಿಲ್ಲಂದ್ರ ಇನ್ನ ಬಂಡೀನೂ ಕಳಸಬ್ಯಾಡ ಅಂತ ಹೇಳು. ತವರು ಇತ್ತು ಅಂತ ತಿಳಕೋತೀನಿ.”

ಅಕ್ಷರ ಅಕ್ಷರ ಹಿಂಜುವುದೇ ನನ್ನ ಉದ್ಯೋಗ. ಆ ಮಾತಿನಲ್ಲಿ ಬಯ್ಗುಳ ಇರಲಿಲ್ಲ, ಅಳು ಇರಲಿಲ್ಲ, ಒಂದು ಭೂತಕಾಲ ಇತ್ತು. ತವರು ಇದೆ ಎನ್ನುವವಳು ಇತ್ತು ಎಂದುಬಿಟ್ಟರೆ ಅದರ ಮೇಲೆ ಅಪೀಲು ಎಲ್ಲಿ ಮಾಡುವುದು? ಮೋಟಾರು ನನ್ನ ಕೊರಳಿಗೆ ಬಿದ್ದಾಗ ನನಗೆ ಮೊದಲು ಹೊಳೆದದ್ದು ಅಕ್ಕನ ಅಂಗಳವೇ. ಬಂಡಿಯಲ್ಲಿ ಒಂದು ಹಗಲೆಲ್ಲ ಹಿಡಿಯುವ ದಾರಿ. ಮೋಟಾರಿನಲ್ಲಿ ಬೆಳಿಗ್ಗೆ ಹೊರಟರೆ ಸಂಜೆಗೆ ಅವಳನ್ನು ಕೂಡಿಸಿಕೊಂಡು ಬಂದುಬಿಡಬಹುದು. ಇನ್ನು ಪೇಶಿಯ ನೆವ ನಡೆಯುವಂತಿರಲಿಲ್ಲ.

ಆ ತಿಂಗಳಲ್ಲೇ ನಮ್ಮ ಸೀಮೆಯ ಕಲ್ಲು ಪರೀಕ್ಷೆ ಮಾಡಲು ಒಬ್ಬ ಸರ್ವೇಯರು ಬಂದು ಮುಸಾಫಿರ್ ಬಂಗಲೆಯಲ್ಲಿ ಇಳಿದಿದ್ದರು. ಒಂದು ಸಂಜೆ ಚಹಕ್ಕೆ ಕರೆದೆ. ಚಹ ಆರುವ ತನಕ ಅವರು ನನ್ನ ನಕ್ಷೆಯನ್ನಲ್ಲ, ನಕ್ಷೆಯ ಕೆಳಗಿನ ಫರಸಿಯನ್ನೇ ನೋಡುತ್ತಿದ್ದರು. ಇದು ಯಾವುದೋ ಕಾಲದ ಸಮುದ್ರದ ತಳದ ಕೆಸರು, ಪದರ ಪದರವಾಗಿ ಕುಳಿತು ಕಲ್ಲಾದದ್ದು ಎಂದರು. ನೀವು ಹೋಗುವ ಕೊಡ್ಲಿಯ ಆಚೆಯ ಕರಿಗಲ್ಲು ಹಾಗಲ್ಲ, ಅದು ನೆಲದ ಹೊಟ್ಟೆಯೊಳಗಿಂದ ಉಕ್ಕಿ ಹರಿದ ಬೆಂಕಿ, ಒಂದರ ಮೇಲೊಂದು ಹರಿದು ಆರಿದ್ದರಿಂದಲೇ ಅಲ್ಲಿಯ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ ಎಂದರು. ನಾನು ಬೆರಗಾದೆ. ಇಷ್ಟು ದಿನ ಚಿತ್ತಾಪುರದಿಂದ ಕೊಡ್ಲಿಗೆ ಹೋಗುವ ದಾರಿ ಎಂದುಕೊಂಡಿದ್ದೆ. ಈಗ ನೋಡಿದರೆ ಸಮುದ್ರದಿಂದ ಹೊರಟು ಬೆಂಕಿಗೆ ಹೋಗುವ ದಾರಿ. ಸರ್ವೇಯರು ಹೋದ ಮೇಲೆ ಈ ವಿಷಯವನ್ನು ಗುರಮ್ಮನಿಗೆ ವಿಸ್ತಾರವಾಗಿ ಹೇಳಿ, ಆ ಬೆಂಕಿ ಆರಿ ಲಕ್ಷಗಟ್ಟಲೆ ವರ್ಷವಾಗಿದೆ, ಹೆದರಬೇಡ ಎಂದು ಧೈರ್ಯವನ್ನೂ ಹೇಳಿದೆ. ಕಲ್ಲಿನ ಬೆಂಕಿ ಆರಿರಬಹುದು, ನಿಮ್ಮ ಅಕ್ಕನದು ಆರಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ ಎಂದು ಅವಳು ಚಹದ ಬಟ್ಟಲು ಎತ್ತಿಕೊಂಡು ಹೋದಳು.

ಅವಳ ಮಾತು ತಮಾಷೆಯದೇ. ಆದರೆ ನಾನು ಆ ರಾತ್ರಿಯೆಲ್ಲ ಕಲ್ಲುಗಳ ಸ್ವಭಾವವನ್ನೇ ಧ್ಯಾನಿಸಿದೆ. ನಾನು ಪೂರಾ ಫರಸಿಯ ಜಾತಿ; ಫೈಲಿನ ಮೇಲೆ ಫೈಲು, ಮುದ್ದತ್ತಿನ ಮೇಲೆ ಮುದ್ದತ್ತು, ಪದರ ಪದರವಾಗಿ ಕೂರುವುದೇ ನನಗೆ ಗೊತ್ತು. ಅಕ್ಕ ಒಂದೇ ಸಲ ಉಕ್ಕಿ, ಹೇಳಬೇಕಾದ್ದು ಹೇಳಿ, ಗಟ್ಟಿಯಾಗಿ ನಿಂತುಬಿಡುವವಳು. ಒಂದೇ ತಾಯಿಯ ಹೊಟ್ಟೆಯಲ್ಲಿ ಇಬ್ಬರು ಹೇಗೆ ಹುಟ್ಟಿದೆವೋ ಸರ್ವೇಯರನ್ನು ಕೇಳಬೇಕಾಗಿತ್ತು, ಮರೆತೆ.

ಇನ್ನು ಲೈನ್ ಕ್ಲಿಯರಿನ ಕೆಲಸ. ಗುರುವಿನ ಸೂತ್ರದಂತೆ ದಾರಿಯ ಊರುಗಳಿಗೆಲ್ಲ ಕಾರ್ಡು ಬರೆದೆ. ನಮ್ಮ ಕಾಗಿಣಾ ನದಿಯ ಬಗ್ಗೆ ನನಗೆ ಚಿಂತೆಯಿರಲಿಲ್ಲ; ಆ ವರ್ಷ ಮಳೆ ಹಿಂದೆ ಬಿದ್ದು ಅದು ತೆಳ್ಳಗೆ ಹರಿಯುತ್ತಿತ್ತು. ಚಿಂತೆ ಇದ್ದದ್ದು ಕಾಳಗಿಯ ಆಚೆಯ ಹಳ್ಳಗಳದ್ದು. ಗುಡ್ಡದಲ್ಲಿ ಎಲ್ಲೋ ಮಳೆ ಬಿದ್ದರೆ ಸಾಕು, ಇಲ್ಲಿ ಬಿಸಿಲಿರುವಾಗಲೇ ಹಳ್ಳ ಏರಿ ಬಂಡಿ ಎತ್ತುಗಳನ್ನು ಎಳೆದೊಯ್ದುಬಿಡುತ್ತದೆ. ಹಾಗೆ ನೀರು ನುಗ್ಗಿದರೆ ನಾವು ಹಳ್ಳ ಬಂತು ಎನ್ನುತ್ತೇವೆ. ನಾನು ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆ: ಹಳ್ಳದ ಸ್ಥಿತಿ ಹೇಗಿದೆ, ಮೋಟಾರು ತರಬಹುದೇ? ಕಾಳಗಿಯ ವ್ಯಾಪಾರಿಯೊಬ್ಬ, ನನ್ನ ಹಳೆಯ ಪರಿಚಯದವನು, ಬರ್ರಿ, ಊಟ ಮಾಡಿಕೊಂಡೇ ಹೋಗಬೇಕು, ಇಲ್ಲವೆಂದರೆ ಸಿಟ್ಟಾಗುತ್ತೇನೆ ಎಂದು ಬರೆದ. ಹಳ್ಳದ ಸುದ್ದಿಯೇ ಇಲ್ಲ. ಸುಲೇಪೇಟದ ಗೆಳೆಯ ಮೋಟಾರಿನ ಬಣ್ಣ ಯಾವುದು ಎಂದು ಕೇಳಿದ. ಪಂಚಮಿಗೆ ನಾಲ್ಕು ದಿನ ಇರುವಾಗ ಕೊಡ್ಲಿಯ ಮಾಸ್ತರರ ಕಾರ್ಡು ಬಂತು. ಮಾಸ್ತರರು ನನ್ನ ಹಾಗೇ ಉರ್ದುವಿನಲ್ಲಿ ಓದಿದವರು. ಕನ್ನಡವನ್ನು ಆಡಿದ ಹಾಗೇ ಬರೆಯುತ್ತಿದ್ದರು, ಶಬ್ದ ಪೋಲು ಮಾಡುತ್ತಿರಲಿಲ್ಲ. ಕಾರ್ಡಿನಲ್ಲಿ ಕ್ಷೇಮ ಸಮಾಚಾರ ಬಿಟ್ಟರೆ ಎರಡೇ ಸಾಲು.

“ಕಾಳಗಿ ದಾಟಿದ ಮ್ಯಾಲ ಹಳ್ಳ ಬರತದ. ಹಳ್ಳ ಬಂದ ಕೂಡ್ಲೆ ಹೊಳ್ರಿ.”

ಹೊಳ್ಳು ಎಂದರೆ ತಿರುಗು. ನಮ್ಮಲ್ಲಿ ಬಾಗಿಲ ತನಕ ಹೋದವನನ್ನು ಹೊಳ್ಳಿ ಬಾ ಎಂದು ಕರೆಯುತ್ತೇವೆ, ಅಂಗಡಿಗೆ ಹೋಗಿ ಬರಿಗೈಯಲ್ಲಿ ಹೊಳ್ಳಿ ಬಂದೆ ಎನ್ನುತ್ತೇವೆ. ನಾನು ಕಾರ್ಡನ್ನು ಮೂರು ಸಲ ಓದಿದೆ, ಕನ್ನಡಕ ಒರೆಸಿ ಇನ್ನೊಂದು ಸಲ ಓದಿದೆ. ಕಾಳಗಿ ದಾಟಿದಿರೋ ಹಳ್ಳ ನುಗ್ಗುತ್ತದೆ. ನುಗ್ಗಿದ ಕೂಡಲೇ ಹಿಂದಿರುಗಿ ಓಡಿರಿ. ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಯಾರು ಕೊಟ್ಟಾರು? ನಿಮ್ಮ ಮುಂದೆ ಮುಚ್ಚಿಡುವುದೇನು, ಮಿತ್ರರೇ, ಓದಿ ಮುಗಿಸಿದಾಗ ನನ್ನ ಮೊದಲ ಭಾವನೆ ದುಃಖವಲ್ಲ, ನಿರಾಳ. ನಡುಮನೆಗೆ ಹೋಗಿ ಬಹಳ ಬೇಸರದ ಮುಖ ಮಾಡಿಕೊಂಡು, ದಾರಿ ಬಂದಾಗಿದೆ, ಹಣಮಂತನಿಗೆ ಬಂಡಿ ಕಟ್ಟಲು ಹೇಳುತ್ತೇನೆ, ಅಕ್ಕನಿಗೆ ಎಲ್ಲವನ್ನೂ ವಿವರಿಸಿ ಒಂದು ಉದ್ದ ಪತ್ರ ಬರೆಯುತ್ತೇನೆ ಎಂದೆ. ಬಂಡಿಗೆ ಹಳ್ಳ ಅಡ್ಡಬರುವುದಿಲ್ಲವೇ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ.

ಗುರಮ್ಮ ಕೈಯ ಹಿಟ್ಟು ಒರೆಸಿಕೊಂಡು ಕಾರ್ಡು ಇಸಿದುಕೊಂಡಳು. ಓದಿದಳು. ನನ್ನ ಮುಖ ನೋಡಿದಳು.

“ಇದು ದಾರಿ ಹೇಳ್ಯಾರ್ರಿ. ಕಾಳಗಿ ದಾಟಿದ ಮ್ಯಾಲ ಹಳ್ಳ ಸಿಗತದ, ಅಲ್ಲಿ ಹೊಳ್ಳಬೇಕು ಅಂತ. ಹೊಳ್ಳಿ ಮನಿಗಿ ಬರ್ರಿ ಅಂತ ಎಲ್ಲಿ ಬರದಾರ?”

ನಾನು ವಾದಕ್ಕೆ ನಿಂತೆ. ದಾರಿ ಹೇಳುವುದಾದರೆ ಎಡಕ್ಕೋ ಬಲಕ್ಕೋ ಹೇಳಬೇಕಿತ್ತು, ಹೇಳಿಲ್ಲ. ಆದ್ದರಿಂದ ಇದು ದಾರಿಯಲ್ಲ, ಎಚ್ಚರಿಕೆ ಎಂದೆ. ಹೊಳ್ಳುವುದಕ್ಕೆ ಒಂದೇ ದಾರಿ ಇರುವಲ್ಲಿ ಎಡ ಬಲ ಯಾರು ಬರೆಯುತ್ತಾರೆ ಎಂದಳು. ಈ ಮರುವಾದಕ್ಕೆ ಉತ್ತರ ಹುಡುಕುತ್ತಿರುವಾಗ ಆ ದಿನ ರವಿವಾರವಾದ್ದರಿಂದ ನಬೀಸಾಬರು ಬಂದರು. ಕಾರ್ಡನ್ನು ಅವರ ಮುಂದೆ ಹಿಡಿದು, ನೋಡಿ, ಲೈನ್ ಕ್ಲಿಯರ್ ಬಂದಿಲ್ಲ, ನಿಮ್ಮ ಮಾತು ಮೀರಿ ಹೋಗಲಾರೆ ಎಂದೆ. ಅವರಿಗೆ ಕನ್ನಡ ಓದಲು ಬರದು. ನಮ್ಮಿಬ್ಬರ ವಾದವನ್ನೂ ಕೇಳಿ, ಗಡ್ಡ ನೀವಿಕೊಂಡು ಹೇಳಿದರು.

“ಲೈನ್ ಕ್ಲಿಯರ್ ಕೊಡೋದು ಮುಂದಿನ ಟೇಶನ್ ವಕೀಲಸಾಬ್, ದಾರ್‍ಯಾಗಿನ ಮಂದಿ ಅಲ್ಲ. ನಿಮ್ಮ ಟೇಶನ್ ನಿಮ್ಮ ಅಕ್ಕ. ಆಕಿ ಹೋದ ವರ್ಷೇ ಕೊಟ್ಟಾಳ.”

ನಾನು ಆಮೇಲೆ ಬಹಳ ಹೊತ್ತು ನನ್ನ ನಕ್ಷೆಯ ಮೇಲೆಯೇ ಕುಳಿತಿದ್ದೆ. ಆ ಕಾರ್ಡನ್ನು ನಾನು ಓದಿದ ಬಗೆ ನನಗೇ ಪರಿಚಿತವಾಗಿ ಕಂಡಿತು. ಹಿಂದೆಯೂ ಒಂದು ಪತ್ರವನ್ನು ಹೀಗೇ ಓದಿದ್ದೆ. ಆ ನಾಲ್ಕು ಪಂಚಮಿಗಳಿಗೂ ಮೊದಲಿನದು, ಪೊಲೀಸ್ ಆಕ್ಷನ್ನಿಗೆ ತಿಂಗಳು ಮುಂಚೆ ಬಂದ ಪಂಚಮಿ ಅದು. ದಾರಿಗಳಲ್ಲಿ ಹೆದರಿಕೆ, ಜನ ರಾತ್ರೋರಾತ್ರಿ ಗಂಟು ಕಟ್ಟಿ ಗಡಿಯಾಚೆ ಹೋಗುತ್ತಿದ್ದ ಕಾಲ. ಹಲವು ತಮ್ಮಂದಿರು ಹೇಗೋ ಹೋಗಿ ತಮ್ಮ ಅಕ್ಕಂದಿರನ್ನು ಕರೆತಂದರು. ನಾನು ಹೊರಡಲೇ, ಬೇಡವೇ ಎಂದು ತೂಗುತ್ತಿರುವಾಗ ಅಕ್ಕನ ಪತ್ರ ಬಂತು. ನಾವು ಆರಾಮ ಇದ್ದೇವೆ, ದಾರಿ ಛಲೋ ಇಲ್ಲ, ನೀ ಬರಬ್ಯಾಡ ಎಂದಿತ್ತು. ನಾನು ಅದನ್ನು ಹುಕುಂನಾಮೆಯಂತೆ ಮಡಿಸಿ ಪೆಟ್ಟಿಗೆಯಲ್ಲಿಟ್ಟೆ, ಹೋಗಲಿಲ್ಲ. ಬರಬೇಡ ಎಂದು ಬರೆಯುವ ಅಕ್ಕನ ಮನಸ್ಸು ಬರಲಿ ಎಂದು ಕಾಯುತ್ತಿರಬಹುದು ಎಂಬಷ್ಟು ಕನ್ನಡ ನನಗೆ ಬರುತ್ತಿತ್ತು. ಆದರೆ ನಾನು ಅಂಜಿದ್ದೆ. ಅಂಜಿದವನಿಗೆ ಪತ್ರದ ಅಕ್ಷರಗಳೇ ಸಾಕಾದವು. ಆಮೇಲೆ ಕಾಲ ಸುಧಾರಿಸಿತು, ಹೆದರಿಕೆ ಹೋಯಿತು. ಹೋಗಿ ಅಕ್ಕನ ಮುಖ ನೋಡುವುದು ಮಾತ್ರ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಹೋಯಿತು. ಪೇಶಿ, ನೆಗಡಿ, ಬಳಪದ ನಕ್ಷೆ, ಕಾರ್ಡುಗಳು, ಇಷ್ಟೆಲ್ಲ ಯೋಜನೆ ನಾನು ಮಾಡಿದ್ದು ಆ ಒಂದು ಮುಖದ ಮುಂದೆ ನಿಲ್ಲಬಾರದೆಂದು. ಮರುದಿನ ಬೆಳಿಗ್ಗೆ ಹೊರಟೆ.

ಗುರಮ್ಮ ಮೋಟಾರಿಗೆ ಕುಂಕುಮ ಹಚ್ಚಿದಳು. ಬುತ್ತಿ ಕಟ್ಟಿಕೊಟ್ಟಳು. ಒಂದು ಸೀಟಿ ಹಾಕಿ, ಅಂದರೆ ಹಾರ್ನು ಹಿಂಡಿ, ನಾನು ಊರು ಬಿಟ್ಟೆ.

ಚಕ್ರ ಹಿಡಿದವನಿಗೆ ಒಂದು ವಿಚಿತ್ರ ಹೊಳೆಯಿತು. ನಮ್ಮ ಕನ್ನಡದಲ್ಲಿ ದಾರಿ ಹಿಡಿದವನು ಎಲ್ಲಿಗೂ ಹೋಗುವುದೇ ಇಲ್ಲ, ಊರುಗಳೇ ಅವನ ಹತ್ತಿರ ಬರುತ್ತವೆ. ಕಾಳಗಿ ಬಂತು ಎನ್ನುತ್ತೇವೆ. ನಾನು ಕಾಳಗಿಗೆ ಬಂದೆ ಎಂದು ಎತ್ತಿನ ಬಂಡಿಯವನೂ ಕೂಗುವುದಿಲ್ಲ. ಎಂಥ ಸುಖದ ಭಾಷೆ! ಮನೆಯ ಫರಸಿಯ ಮೇಲೆ ಕಾಲು ಚಾಚಿ ಕುಳಿತಿದ್ದರೆ ಕೊಡ್ಲಿಯೂ ಬರುತ್ತದೆ, ಗುಡ್ಡವೂ ಬರುತ್ತದೆ, ಅಕ್ಕನೂ ಬಂಡಿಯಲ್ಲಿ ಬರುತ್ತಾಳೆ ಎಂದು ನಾಲ್ಕು ವರ್ಷ ನಂಬಿದವನಿಗೆ ಈ ಭಾಷೆಯ ಕುಮ್ಮಕ್ಕೂ ಸ್ವಲ್ಪ ಇದ್ದಿರಬೇಕು. ದಾರಿಯ ಮೈಲುಗಲ್ಲುಗಳ ಮೇಲಿನ ಹಳೆಯ ಉರ್ದು ಅಂಕಿಗಳನ್ನು ಅಳಿಸಿ ಸುಣ್ಣ ಬಳಿದಿದ್ದರು, ಹೊಸ ಅಂಕಿ ಇನ್ನೂ ಬರೆದಿರಲಿಲ್ಲ. ಎಷ್ಟು ಬಂದೆ, ಎಷ್ಟು ಉಳಿಯಿತು ಎಂದು ಹೇಳುವವರೇ ಇಲ್ಲ. ನನ್ನ ಒಂದು ತಿಂಗಳ ನಕ್ಷೆಯಲ್ಲಿ ಈ ಬೆಳ್ಳಗಿನ ಮೂಕ ಕಲ್ಲುಗಳಿಗೆ ಜಾಗವೇ ಇರಲಿಲ್ಲ. ಕಾಳಗಿಯಲ್ಲಿ ಪೂರ್ತಿ ನಿಂತೆ, ಗೆಳೆಯನ ಊಟಕ್ಕೆ ವಾಪಸು ಬರುವಾಗ ಬರುತ್ತೇನೆಂದು ಕೈಮುಗಿದೆ, ಮುಂದೆ ನಡೆದೆ.

ಕಾಳಗಿ ದಾಟಿದ ಮೇಲೆ ಹಳ್ಳ ಬಂತು. ಯಾವ ಅರ್ಥದಲ್ಲಿ ಬಂತೆಂದು ತಿಳಿಯದೆ ದಂಡೆಯ ಮೇಲೆ ಮೋಟಾರು ನಿಲ್ಲಿಸಿದೆ. ಗುಡ್ಡದ ಕಡೆ ಮೋಡ ಕಟ್ಟಿತ್ತು. ಹಳ್ಳದೊಳಗೆ ಕರಿಯ ಗುಂಡುಗಲ್ಲುಗಳು, ಅವುಗಳ ನಡುವೆ ಪಾದ ಮುಳುಗುವಷ್ಟು ನೀರು. ಆಚೆ ದಂಡೆಯಲ್ಲಿ ಕಂಬಳಿ ಹೊದ್ದ ಕುರುಬರ ಹಿರಿಯನೊಬ್ಬ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಇಷ್ಟು ದೂರ ಬಂದು ಈಗ ಮೋಸ ಹೋಗಬಾರದೆಂದು ನಾನು ಅವನಿಗೆ ಕೂಗಿ ಹಳ್ಳ ಬಂದದೇನು ಎಂದು ಕೇಳಿದೆ. ಅವನು ಹಳ್ಳ ನೋಡಿದ, ಮೋಟಾರು ನೋಡಿದ, ನನ್ನನ್ನು ನೋಡಿದ.

“ಹಳ್ಳ ಬಂದಿಲ್ರಿ. ನೀವು ಬಂದೀರಿ.”

ಅಷ್ಟು ಹೇಳಿ ಕುರಿಗಳನ್ನು ಹೊಡೆದುಕೊಂಡು ಹೊರಟುಹೋದ. ಅವನ ಮಟ್ಟಿಗೆ ಅದು ಬರೀ ವರದಿ. ನಾನು ನಗುತ್ತ ಹಳ್ಳಕ್ಕಿಳಿದೆ, ಮೋಟಾರು ಮೈಯೆಲ್ಲ ಕುಲುಕಿಕೊಂಡು ಆಚೆ ಹತ್ತಿತು. ಅಲ್ಲಿ ದಾರಿ ತಾನಾಗಿ ಬಲಕ್ಕೆ ಹೊಳ್ಳಿತು. ಎಡಕ್ಕೆ ಹೊಳ್ಳಬೇಕೆಂದರೆ ಗುಡ್ಡದೊಳಗೆ ಹೊಗಬೇಕು. ಗುರಮ್ಮ ಮನೆಯಲ್ಲೇ ಕುಳಿತು ಗೆದ್ದಿದ್ದಳು.

ಅಲ್ಲಿಂದ ಮುಂದೆ ಸರ್ವೇಯರು ಹೇಳಿದ ಬೆಂಕಿಯ ಸೀಮೆ. ನೀಲಿ ಫರಸಿಯ ನಾಡಿನವನ ಕಣ್ಣಿಗೆ ಅದು ಬೇರೆಯೇ ಲೋಕ. ಕರಿಯ ಕಲ್ಲಿನ ಮೆಟ್ಟಿಲುಗಳು, ಅವುಗಳ ಸಂದಿಯಲ್ಲಿ ಆಗಷ್ಟೇ ಚಿಗುರಿದ ಹುಲ್ಲು, ನೆತ್ತಿಯ ಮೇಲೆ ಕೆಮ್ಮಣ್ಣು. ಗಾಲಿಗೆ ಸಿಕ್ಕ ಪ್ರತಿ ಕಲ್ಲೂ ಸೊಂಟದ ಎಲುಬಿಗೆ ಸುದ್ದಿ ಮುಟ್ಟಿಸುತ್ತಿತ್ತು. ಕೊಡ್ಲಿ ದಾಟಿ, ಅಕ್ಕನ ಹಳ್ಳಿಯ ಕೆಳಗಿನ ಏರು ಹತ್ತುವಾಗ ಮೋಟಾರಿನ ಮೂಗಿನಿಂದ ಬುಸ್ಸೆಂದು ಹೊಗೆ ಬಂದು ಅದು ನಿಂತುಬಿಟ್ಟಿತು. ಎಂಜಿನ್ನಿಗೆ ಬಾಯಾರಿದಾಗ ಬೈಯಬಾರದು, ಕಾಯಬೇಕು ಎಂದು ನಬೀಸಾಬರು ಹೇಳಿದ್ದರು. ಕಾಯಲು ಒಂದು ಸೊಗಸಾದ ಬೇವಿನ ನೆರಳೂ ಇತ್ತು. ನಿಜ ಹೇಳುತ್ತೇನೆ, ಆ ನೆರಳು ನೋಡಿ ನನಗೆ ಒಂದು ಕ್ಷಣ ಆಸೆಯಾಯಿತು. ಆಮೇಲೆ ಗಾಲಿಗೆ ಒಂದು ಕಲ್ಲು ಕೊಟ್ಟು, ಮೋಟಾರನ್ನು ಅಲ್ಲೇ ಬಿಟ್ಟು ನಡೆದೇ ಗುಡ್ಡ ಹತ್ತಿದೆ.

ಅಕ್ಕ ಅಂಗಳದಲ್ಲಿ ಮೊರದಲ್ಲಿ ಶೇಂಗಾ ಕೇರುತ್ತಿದ್ದಳು. ತಲೆ ಎತ್ತಿದಳು. ಧೂಳು ಹತ್ತಿದ ಕೋಟು, ಮಣ್ಣಾದ ಧೋತರ, ಏದುಸಿರು. ಅವಳು ನನ್ನನ್ನು ಗುರುತಿಸಲು ತುಸು ಹೊತ್ತು ಹಿಡಿಯಿತು. ಗುರುತಿಸಿದ ಮೇಲೆ ಅವಳ ಕಣ್ಣು ನನ್ನ ಹಿಂದೆ ದಾರಿಯ ಕಡೆಗೆ ಹೋಯಿತು. ಬಂಡಿ ಎಲ್ಲಿ ಎಂದು ಕೇಳಿದಳು.

“ಬಂಡಿ ಇಲ್ಲಕ್ಕ. ನಾನೇ ಬಂದೀನಿ.”

ಅಕ್ಕ ಎದ್ದಳು. ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಒಂದು ತಂಬಿಗೆ ಮಜ್ಜಿಗೆ ತಂದಿಟ್ಟಳು. ಭಾವ ಹೊಲಕ್ಕೆ ಹೋಗಿದ್ದರಂತೆ. ನಾನು ಹಳ್ಳದ ಕಥೆ, ಕಾರ್ಡಿನ ಕಥೆ, ನಬೀಸಾಬರ ಕಥೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ, ನಗಿಸಬಹುದೆಂದುಕೊಂಡಿದ್ದೆ. ಅವಳು ಕೇಳುತ್ತಲೇ ಶೇಂಗಾ ಕೇರಿದಳು. ಹೇಳಲು ಇನ್ನೇನೂ ಉಳಿಯದಾಗ, ಉಳಿದಿದ್ದ ಒಂದೇ ಮಾತನ್ನು ಹೇಳಿದೆ: ಆ ವರ್ಷ ನಾನು ಅಂಜಿದ್ದೆ.

“ಗೊತ್ತದ. ಅಂಜತೀ ಅಂತೇ ಬರಬ್ಯಾಡ ಅಂತ ಬರದಿದ್ದೆ,” ಎಂದಳು ಅಕ್ಕ. ಮೊರ ಕೆಳಗಿಟ್ಟಳು. “ಆಮ್ಯಾಗಿನ ನಾಕು ವರ್ಷ ಯಾರಿಗಿ ಅಂಜಿದಿ ತಮ್ಮಾ?”

ಹತ್ತು ವರ್ಷದ ವಕೀಲಿಯಲ್ಲಿ ಮೊದಲ ಸಲ ನಾನು ಮುದ್ದತ್ತು ಕೇಳಲಿಲ್ಲ. ನಿನಗೇ ಅಕ್ಕ ಎಂದೆ. ನನ್ನ ಕಣ್ಣು ತುಂಬಿತ್ತು, ಮಜ್ಜಿಗೆಯ ತಂಬಿಗೆಯನ್ನು ಬಾಯಿಗೆ ಹಿಡಿದು ಮರೆಮಾಡಿಕೊಂಡೆ.

ಅಕ್ಕ ಎದ್ದು ಒಳಗೆ ಹೋದಳು. ಎಷ್ಟೋ ಹೊತ್ತು ಬರಲಿಲ್ಲ. ಇನ್ನು ಬರುವುದೇ ಇಲ್ಲವೇನೋ, ನಾನು ಒಬ್ಬನೇ ಈ ಗುಡ್ಡ ಇಳಿಯಬೇಕೇನೋ ಎಂದುಕೊಂಡೆ. ಬಂದಾಗ ಅವಳ ಎರಡೂ ಕೈಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಹೊಸ್ತಿಲ ಒಳಗೆ ಅದನ್ನು ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು. ಇಷ್ಟು ಬೇಗ ಹೇಗೆ ತುಂಬಿದಿ ಎಂದು ನಾನು ಕೇಳಿದೆ.

“ಈಗ ತುಂಬಿದ್ದಲ್ಲ. ಪ್ರತಿ ವರ್ಷ ತುಂಬತಿದ್ದೆ. ಬಂಡಿ ಸಪ್ಪಳ ಆದ್ರ ಇಲ್ಲಿ ತನಕ ತರತಿದ್ದೆ. ಬಂಡ್ಯಾಗ ನೀ ಇದ್ದಿಯೇನಂತ ನೋಡಿ, ಇಲ್ಲಂದ್ರ ಒಳಗ ಒಯ್ದು ಇಡತಿದ್ದೆ.”

ನಾನು ಎದ್ದು ಟ್ರಂಕನ್ನು ಹೆಗಲಿಗೇರಿಸಿಕೊಂಡೆ. ಭಾರವಿತ್ತು. ನಾಲ್ಕು ವರ್ಷ ಹೊಸ್ತಿಲ ತನಕ ಬಂದು ನಿಂತಿದ್ದ ಟ್ರಂಕು ಆ ದಿನ ಹೊಸ್ತಿಲು ದಾಟಿತು. ಅದರ ಹಿಂದೆ ಅಕ್ಕ ದಾಟಿ ಬಂದಳು.